ಡಚ್ ಚರ್ಚಿನ ಹಳೇ ಡ್ರಾಯಿಂಗ್: ಕಂಬದ ಬುಡದ ಹತ್ತಿರ ಆ ಚುಕ್ಕಿ ಯಾಕೆ?

ಐಮರ (ನಾಪೋಕ್ಲು)

17ನೇ ಶತಮಾನದ ಡಚ್ ಚಿತ್ರಕಾರ ಪೀಟರ್ ಸಾನ್‌ರೆಡಾಮ್ ಬರೆದ ಒಂದು ಡ್ರಾಯಿಂಗ್ ಪ್ರಿಂಟ್ ಹಾಕಿಸಿ ತಂದಿದ್ದೇನೆ. 1636ರಲ್ಲಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಊರಿನ ಒಂದು ಚರ್ಚಿನ ಒಳಗೆ ಕೂತು ಬರೆದದ್ದು. ಪೆನ್ನು, ಕಂದು ಇಂಕು, ತೆಳ್ಳಗೆ ಬಣ್ಣ, ಅಷ್ಟೇ. ಕಕ್ಕಡ ತಿಂಗಳ (ಆಟಿ) ಮಳೆ, ಎರಡು ದಿನದಿಂದ ಕರೆಂಟ್ ಇಲ್ಲ, ಕಿಟಕಿ ಪಕ್ಕ ಕೂತು ಇದನ್ನೇ ನೋಡುತ್ತಿದ್ದೇನೆ.

ಮೂರು ವಿಷಯ ಅರ್ಥ ಆಗಲಿಲ್ಲ. ಒಂದು ಕಂಬದ ಬುಡದ ಹತ್ತಿರ, ನೆಲದಿಂದ ಸ್ವಲ್ಪವೇ ಮೇಲೆ, ಪುಟ್ಟ ಚುಕ್ಕಿ, ಅದರ ಸುತ್ತ ಒಂದು ವೃತ್ತ ಇದೆ. ಕೊಳೆ ಅಂದುಕೊಂಡಿದ್ದೆ, ಭೂತಗನ್ನಡಿ ಹಿಡಿದರೆ ಬೇಕಂತಲೇ ಹಾಕಿದ್ದು. ಎರಡನೇದು, ಅಂಚಿನಲ್ಲಿರುವ ಕಮಾನುಗಳು ಎಳೆದು ಹಿಗ್ಗಿಸಿದ ಹಾಗೆ ಕಾಣುತ್ತವೆ. ಇಷ್ಟು ಕರಾರುವಾಕ್ಕಾಗಿ ಬರೆಯುವವರು ಅಲ್ಲಿ ತಪ್ಪಿದರಾ? ಮೂರನೇದು, ಚರ್ಚು ಯಾಕೆ ಇಷ್ಟು ಖಾಲಿ?

ಕೇಳುವುದಕ್ಕೆ ಕಾರಣ ಇದೆ. ನಮ್ಮ ಕುಟುಂಬದ ಹಿರಿಯರ ಮನೆ, ಐನ್‌ಮನೆಯ ಕೈಯಾಲವನ್ನು (ಮುಂದಿನ ಜಗಲಿ) ಹೀಗೇ ಬರೆಯಬೇಕು ಅಂತ ಆಸೆ. ಮೂರು ಸಲ ಬರೆದೆ, ಮೂರು ಸಲವೂ ಕಂಬಗಳು ಒಳಕ್ಕೆ ವಾಲಿಕೊಂಡಿವೆ.

ಗೆರೆಗಾರ (ಮಡಿಕೇರಿ)

ಆ ಚುಕ್ಕಿಯೇ ಅವರ ಕಣ್ಣು. ಕೂತಲ್ಲಿಂದ ನೇರ ಎದುರಿಗೆ ನೋಡಿದರೆ ದೃಷ್ಟಿ ಹೋಗಿ ಮುಟ್ಟುವ ಜಾಗ. ನೆಲದ ಕಲ್ಲುಗಳ ಗೆರೆ, ಕಂಬಸಾಲಿನ ಬುಡ, ಕಮಾನು ಶುರುವಾಗುವ ಮಟ್ಟ, ನಿಮ್ಮಿಂದ ಒಳಕ್ಕೆ ನೇರವಾಗಿ ಓಡುವ ಯಾವ ಗೆರೆಯ ಮೇಲೆ ಸ್ಕೇಲ್ ಇಟ್ಟು ಮುಂದುವರಿಸಿದರೂ ಆ ಚುಕ್ಕಿಗೇ ಬಂದು ಸೇರುತ್ತದೆ, ಈಗಲೇ ಇಟ್ಟು ನೋಡಿ. ಅದು ಅಷ್ಟು ತಗ್ಗಿನಲ್ಲಿ ಇರುವುದು ಅವರು ಕೂತು ಬರೆದಿದ್ದಕ್ಕೆ.

ಅವರು ಒಂದೇ ಸಲಕ್ಕೆ ಪೇಂಟಿಂಗ್ ಮಾಡುತ್ತಿರಲಿಲ್ಲ. ಮೊದಲು ಜಾಗದಲ್ಲೇ ಕೂತು ಕೈಯಲ್ಲೇ ಒಂದು ಡ್ರಾಯಿಂಗ್, ಅದರ ಮೇಲೆ ತಾರೀಕು. ಆಮೇಲೆ ಮನೆಯಲ್ಲಿ ಅಳತೆ ಇಟ್ಟುಕೊಂಡು, ಸ್ಕೇಲ್ ಹಿಡಿದು ಇನ್ನೊಂದು. ಆ ಎರಡನೇದರ ಹಿಂಬದಿಗೆ ಕಪ್ಪು ಬಳಿದು, ಹಲಗೆ ಮೇಲೆ ಇಟ್ಟು, ಗೆರೆಗಳ ಮೇಲೆ ಮೊನೆ ಒತ್ತಿ ಹಲಗೆಗೆ ಇಳಿಸಿ, ಕೊನೆಗೆ ಎಣ್ಣೆ ಬಣ್ಣ. ಮಧ್ಯೆ ಎಷ್ಟೋ ವರ್ಷ ಹೋಗುತ್ತಿತ್ತು. ಅಷ್ಟು ಅಳತೆ ಇಟ್ಟುಕೊಂಡೂ ಪೇಂಟಿಂಗ್‌ನಲ್ಲಿ ಕೆಲವು ಕಡೆ ಕಂಬಗಳನ್ನು ಬೇಕಂತಲೇ ಎತ್ತರ ಮಾಡಿದ್ದಾರೆ, ನನಗೆ ಅದು ತುಂಬಾ ಇಷ್ಟ.

ಅಂಚು ಹಿಗ್ಗಿರುವುದು ತಪ್ಪಲ್ಲ. ಚರ್ಚಿನ ಒಳಗೆ ಹಿಂದೆ ಸರಿಯುವುದಕ್ಕೆ ಜಾಗ ಇರಲ್ಲ, ಹತ್ತಿರ ಕೂತು ಅಗಲವಾದ ನೋಟ ಹಿಡಿದಿದ್ದಾರೆ. ಫೋನಿನ ವೈಡ್ ಲೆನ್ಸ್‌ನಲ್ಲಿ ಗುಂಪು ಫೋಟೋ ತೆಗೆದರೆ ತುದಿಯಲ್ಲಿ ನಿಂತವರು ದಪ್ಪ ಕಾಣುತ್ತಾರಲ್ವಾ, ಅದೇ ಲೆಕ್ಕ. ಇದನ್ನು ಸರಿಯಾದ ಜಾಗದಿಂದ ನೋಡಬೇಕು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಚುಕ್ಕಿಯ ನೇರಕ್ಕೆ ತಂದು ಹತ್ತಿರ ಹೋಗಿ. ಚುಕ್ಕಿ ಮಧ್ಯದಲ್ಲಿದ್ದು ನೋಟ 90 ಡಿಗ್ರಿ ಇದ್ದರೆ, ಕಾಗದದ ಅಗಲದ ಅರ್ಧ ದೂರದಲ್ಲಿ ಕಣ್ಣು ಇರಬೇಕು. ಎ4 ಅಡ್ಡ ಹಿಡಿದರೆ ಸುಮಾರು 15 ಸೆಂಟಿಮೀಟರ್. ಅಷ್ಟು ಹತ್ತಿರ ಮಸುಕಾದರೆ ಎ3ಗೆ ದೊಡ್ಡದು ಮಾಡಿಸಿ, 21 ಆಗುತ್ತದೆ.

ನಿಮ್ಮ ಕಂಬ ವಾಲುವುದಕ್ಕೆ ಕಾರಣ ತಲೆ ಎತ್ತಿ ನೋಡಿ ಬರೆಯುವುದು. ಅವರ ಕಂಬ ಒಂದೂ ವಾಲಲ್ಲ. ಮೊದಲು ಕಣ್ಣಿನ ಮಟ್ಟದ ಗೆರೆ ಹಾಕಿ, ಚುಕ್ಕಿ ಇಡಿ, ಅಲ್ಲಿ ಒಂದು ಗುಂಡುಸೂಜಿ ಚುಚ್ಚಿ ದಾರ ಕಟ್ಟಿ. ಒಳಕ್ಕೆ ಹೋಗುವ ಗೆರೆ ಎಲ್ಲಾ ದಾರ ಹಿಡಿದು, ನಿಂತ ಗೆರೆ ಎಲ್ಲಾ ಕಾಗದದ ಅಂಚಿಗೆ ಸಮವಾಗಿ.

ಗಂಟೆಸದ್ದು (ವಿರಾಜಪೇಟೆ)

ಖಾಲಿ ಯಾಕೆ ಅನ್ನುವುದಕ್ಕೆ ಬರುತ್ತೇನೆ. ನಾನು ಚಿಕ್ಕಂದಿನಿಂದ ನಮ್ಮ ಸಂತ ಅನ್ನಮ್ಮ ಚರ್ಚಿಗೆ ಹೋಗುವವಳು. ಚರ್ಚು ಅಂದರೆ ನನಗೆ ಮೇಣದಬತ್ತಿ, ಹೂವು, ಮಾತೆಯ ಪ್ರತಿಮೆ. ಅದಕ್ಕೇ ಇವರ ಚಿತ್ರ ಮೊದಲು ನೋಡಿದಾಗ ಮನೆ ಖಾಲಿ ಮಾಡಿ ಹೋದ ಹಾಗೆ ಅನ್ನಿಸಿತ್ತು. ನಿಜಕ್ಕೂ ಹಾಗೇ ಆಗಿತ್ತು. ಇವೆಲ್ಲಾ ಕ್ಯಾಥೊಲಿಕರು ಕಟ್ಟಿದ ಚರ್ಚುಗಳು. 1566ರಲ್ಲಿ ಆ ನಾಡಿನಲ್ಲಿ ಪ್ರತಿಮೆಗಳನ್ನು ಒಡೆದರು, ಆಮೇಲೆ ಚರ್ಚುಗಳು ಪ್ರೊಟೆಸ್ಟೆಂಟರ ಕೈಗೆ ಹೋದವು. ಪೀಠ, ಪ್ರತಿಮೆ ತೆಗೆದರು, ಗೋಡೆಗೆ ಸುಣ್ಣ ಬಳಿದರು. ಸಾನ್‌ರೆಡಾಮ್ ಹುಟ್ಟಿದ್ದು 1597ರಲ್ಲಿ. ಅವರು ಕಂಡಿದ್ದು ಸುಣ್ಣದ ಗೋಡೆ, ಅದರ ಮೇಲೆ ಬೀಳುವ ಬೆಳಕು.

ನಿಮ್ಮ ಪ್ರಿಂಟ್‌ನಲ್ಲಿ ಬಿಳಿ ಎಲ್ಲಿದೆ ನೋಡಿ. ಹೆಚ್ಚು ಕಡೆ ಅದು ಬಣ್ಣ ಅಲ್ಲ, ಬಿಟ್ಟ ಕಾಗದ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಅವರ ಬೂರ್‌ಕೆರ್ಕ್ ಚರ್ಚಿನ ಚಿತ್ರವನ್ನೂ ನೋಡಿ, ಗ್ಯಾಲರಿಯ ಸೈಟಿನಲ್ಲಿ ಇದೆ. 1636ರಲ್ಲಿ ಬರೆದುಕೊಂಡ ಡ್ರಾಯಿಂಗ್‌ನಿಂದ 1644ರಲ್ಲಿ ಮಾಡಿದ್ದು. ಬಲಗಡೆ ಕೆಳಗೆ ಇಬ್ಬರು ಹುಡುಗರು. ಒಬ್ಬ ಕೂತು ನಾಯಿಗೆ ಆಟ ಕಲಿಸುತ್ತಿದ್ದಾನೆ, ಇನ್ನೊಬ್ಬ ಗೋಡೆ ಮೇಲೆ ಗೀಚುತ್ತಿದ್ದಾನೆ. ಗೀಚಿದ್ದು ಒಂದೇ ಕುದುರೆ ಮೇಲೆ ನಾಲ್ಕು ಜನ, ಹಳೇ ಕಥೆಯೊಂದರ ಅಣ್ಣತಮ್ಮಂದಿರು. ಆ ಮಕ್ಕಳ ಗೀಚಿನ ಹತ್ತಿರವೇ, ಗೋಡೆ ಮೇಲೆ ಬರೆದ ಹಾಗೆ, ಚರ್ಚಿನ ಹೆಸರು, 1644, ತನ್ನ ಹೆಸರು ಹಾಕಿದ್ದಾರೆ. ಅಷ್ಟು ದೊಡ್ಡ ಬಿಳಿ ಕಂಬಗಳ ಮಧ್ಯೆ ಸಹಿಗೆ ಅವರು ಆರಿಸಿದ ಜಾಗ ಅದು. ನನಗೆ ಕಣ್ಣು ತುಂಬಿ ಬಂತು.

ಐಮರ (ನಾಪೋಕ್ಲು)

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಒಂದು ಕಣ್ಣು ಮುಚ್ಚಿ ನೋಡಿದೆ. ಹತ್ತಿರ ಹೋಗುತ್ತಾ ಹೋಗುತ್ತಾ ಎಡಗಡೆಯ ಆ ಹಿಗ್ಗಿದ ಕಮಾನು ತಾನಾಗೇ ನೆಟ್ಟಗಾಗಿ ಪಕ್ಕಕ್ಕೆ ಹೋಗಿ ನಿಂತಿತು. ಕಾಗದದ ಒಳಗೆ ಕೂತ ಹಾಗೆ ಆಯಿತು. ಅಮ್ಮನನ್ನು ಕರೆದು ತೋರಿಸಿದೆ, ಅವರಿಗೂ ಕಂಡಿತು.

ಹಳೇ ಓಣಿ (ಸೋಮವಾರಪೇಟೆ)

ಒಂದು ಮಾತು ಸೇರಿಸುತ್ತೇನೆ. ಸಾನ್‌ರೆಡಾಮ್ ಉಟ್ರೆಕ್ಟ್‌ನಲ್ಲಿದ್ದ 1636ರ ಬೇಸಿಗೆಯಲ್ಲಿ ಬರೆದ ಮಾರಿಯಾಕೆರ್ಕ್ ಅನ್ನುವ ಚರ್ಚು ಈಗ ಇಲ್ಲ. 19ನೇ ಶತಮಾನದಲ್ಲಿ ಕೆಡವಿದರು, ಅದರ ಪಕ್ಕದ ಅಂಗಳದ ಮೊಗಸಾಲೆ ಮಾತ್ರ ಉಳಿದಿದೆ. ಅದೇ ಊರಿನ ದೊಡ್ಡ ಚರ್ಚು, ಡಾಮ್, ಅದರ ಮಧ್ಯದ ಭಾಗ 1674ರ ಬಿರುಗಾಳಿಗೆ ಬಿದ್ದುಹೋಯಿತು. ಮತ್ತೆ ಕಟ್ಟಲೇ ಇಲ್ಲ, ಗೋಪುರ ಒಂದು ಕಡೆ, ಚರ್ಚು ಒಂದು ಕಡೆ ನಿಂತಿವೆ. ಹೋದ ಕಟ್ಟಡದ ಒಳಗೆ ಹೇಗಿತ್ತು ಅಂತ ಕೇಳಿದರೆ ಜನ ಇವರ ಕಾಗದಗಳ ಹತ್ತಿರವೇ ಹೋಗುತ್ತಾರೆ.

2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜಾರಿದಾಗ ನಮ್ಮ ನೆಂಟರ ಹಳೇ ಮನೆ ಹೋಯಿತು. ಫೋಟೋ ಇವೆ, ಎಲ್ಲದರಲ್ಲೂ ಮದುವೆಗೆ ಬಂದ ಜನ ನಿಂತಿದ್ದಾರೆ. ಹಿಂದಿನ ಕಂಬ ಎಷ್ಟು ದಪ್ಪ, ಬಾಗಿಲು ಎಷ್ಟು ಎತ್ತರ, ನೆಲ್ಲಕ್ಕಿ ನಡುಬಾಡೆಗೆ (ಒಳಗಿನ ನಡುಮನೆ) ಹೋಗುವ ಹೊಸ್ತಿಲು ಹೇಗಿತ್ತು, ಯಾವುದೂ ಕಾಣಲ್ಲ. ಒಬ್ಬೊಬ್ಬರಿಗೆ ಒಂದೊಂದು ನೆನಪು. ಅದಕ್ಕೇ ಹೇಳುವುದು, ಸುಮ್ನೆ ಚಂದಕ್ಕೆ ಮಾತ್ರ ಬರೆಯಬೇಡಿ. ಟೇಪ್ ಹಿಡಿದು ಅಳೆಯಿರಿ. ಅಳತೆಗಳನ್ನು ಅಂಚಿನಲ್ಲೇ ಬರೆಯಿರಿ. ತಾರೀಕು ಹಾಕಿ, ಎಲ್ಲಿ ಕೂತಿದ್ದಿರಿ ಅಂತಲೂ ಬರೆಯಿರಿ.

ಸಾನ್‌ರೆಡಾಮ್ ತನ್ನ ಹುಟ್ಟೂರು ಅಸೆಂಡೆಲ್ಫ್ಟ್‌ನ ಚರ್ಚನ್ನೂ ಬರೆದಿದ್ದಾರೆ, 1649ರ ಪೇಂಟಿಂಗ್, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಮುಂದೆ ನೆಲದಲ್ಲಿ ಒಂದು ಸಮಾಧಿ ಕಲ್ಲು. ಅದು ಅವರ ಅಪ್ಪನದು. ಅಪ್ಪ 1607ರಲ್ಲಿ ತೀರಿಕೊಂಡಾಗ ಇವರಿಗೆ ಹತ್ತು ವರ್ಷ ಆಗಿತ್ತೋ ಇಲ್ಲವೋ. ನಿಮ್ಮ ಕೈಯಾಲದಿಂದ ಹಿರಿಯರ ಗುಡಿ, ಕೈಮಡ ಕಾಣುತ್ತದಾ? ಕಂಡರೆ ಬಿಡಬೇಡಿ.

ಐಮರ (ನಾಪೋಕ್ಲು)

ಕಾಣುತ್ತದೆ. ಎರಡನೇ ಮತ್ತು ಮೂರನೇ ಕಂಬದ ಮಧ್ಯೆ, ಮಳೆ ಸ್ವಲ್ಪ ಕಡಿಮೆ ಆದಾಗ.

ಇವತ್ತು ಐಮರದ (ಕೈಯಾಲದ ಕಂಬಗಳ ನಡುವೆ ಕೂರುವ ಹಲಗೆ) ಮೇಲೆ ಅಜ್ಜಿ ಕೂರುತ್ತಿದ್ದ ಮೂಲೆಯಲ್ಲೇ ಕೂತೆ, ಹಲಗೆ ಅಲ್ಲಿ ನುಣ್ಣಗೆ ತಗ್ಗಾಗಿದೆ. ಅಣ್ಣ ಟೇಪ್ ಹಿಡಿದ. ನೆಲದಿಂದ ನನ್ನ ಕಣ್ಣಿಗೆ 3 ಅಡಿ 10 ಇಂಚು. ಎದುರಿನ ಕಂಬದ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಚುಕ್ಕಿ ಇಟ್ಟಿದ್ದೇವೆ. ನಾಳೆ ಬೆಳಗ್ಗೆ ದಾರ ಕಟ್ಟಿ ಶುರು ಮಾಡುತ್ತೇನೆ.