ಮೆದುಳಿಗೆ ಪೆಟ್ಟಾದ ಮಗುವಿಗೆ ಮನೆಯಲ್ಲಿ ವ್ಯಾಯಾಮ: ಎಳೆದಷ್ಟೂ ಕಾಲು ಬಿಗಿಯಾಗುತ್ತಿದೆ, ಏಕೆ?

ಪ್ರಶ್ನೆ

7 ವರ್ಷದ ಮಗು. ಮೆದುಳಿಗೆ ಪೆಟ್ಟಾಗಿ 4 ತಿಂಗಳು. ಬಲಗೈ, ಬಲಗಾಲು ಬಿಗಿ. ಹಿಡಿದುಕೊಂಡು ನಿಲ್ಲುತ್ತದೆ, ಆದರೆ ಬಲ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಬಲಗೈ ಮುಷ್ಟಿ ಬಿಚ್ಚಿ ಆಟಿಕೆ ಹಿಡಿಯಬಲ್ಲದು, ಹೇಳದಿದ್ದರೆ ಬಳಸುವುದೇ ಇಲ್ಲ. ಫಿಸಿಯೋಥೆರಪಿ ವಾರಕ್ಕೆ 2 ದಿನ. ಉಳಿದ ದಿನ ಮನೆಯಲ್ಲಿ ಒಂದೊಂದು ಗಂಟೆ ಸ್ಟ್ರೆಚಿಂಗ್. ಅರ್ಧ ಗಂಟೆಗೇ ಅಳು, ರಂಪ. ಎಳೆದಷ್ಟೂ ಪಾದ ಸೆಟೆಯುತ್ತದೆ. ತಪ್ಪು ಎಲ್ಲಿದೆ?

ಉತ್ತರ 1

ಮೊದಲನೆಯ ತಪ್ಪು ವೇಗದ್ದು. ಬಿಗಿಯಿರುವ ಸ್ನಾಯುವನ್ನು ಜೋರಾಗಿ ಎಳೆದರೆ ಅದು ತಿರುಗಿ ಸೆಟೆದುಕೊಳ್ಳುತ್ತದೆ. ಪಾದ ಪಟಪಟ ನಡುಗಿದರೆ ಆತುರವಾಯಿತು ಎಂದೇ ಅರ್ಥ.

ಎರಡನೆಯದು ಹಿಡಿತದ್ದು. ಬೆರಳ ಬುಡವನ್ನಷ್ಟೇ ಒತ್ತಿದರೆ ಪಾದ ನಡುವಿನಲ್ಲಿ ಬಾಗುತ್ತದೆ. ನೋಡುವವರಿಗೆ ಚೆನ್ನಾಗಿ ಬಂತು ಅನಿಸುತ್ತದೆ, ಮೀನಖಂಡ ಮಾತ್ರ ಇದ್ದಲ್ಲೇ ಇರುತ್ತದೆ. ಅಂಗಾತ ಮಲಗಿಸಿ, ಮೊಣಕಾಲು ನೆಟ್ಟಗಿಟ್ಟು, ಹಿಮ್ಮಡಿಯನ್ನು ಅಂಗೈಯೊಳಗೆ ಬಟ್ಟಲಿನಲ್ಲಿಟ್ಟಂತೆ ಹಿಡಿಯಿರಿ. ಹಿಮ್ಮಡಿ ತುಸು ಒಳಮುಖವಾಗಿರಲಿ. ಅದನ್ನು ನಿಮ್ಮ ಕಡೆಗೆ ಎಳೆಯುತ್ತ, ಅದೇ ಕೈಯ ಮುಂಗೈಯನ್ನು ಪಾದದಡಿಗೆ ಒರಗಿಸಿ ಮೆಲ್ಲಗೆ ಮೇಲಕ್ಕೆ ತನ್ನಿ. ತಡೆ ಸಿಕ್ಕಲ್ಲಿ 30ರಿಂದ 60 ಸೆಕೆಂಡ್ ನಿಲ್ಲಿ. 3–5 ಸಲ ಸಾಕು. ನಂತರ ಮೊಣಕಾಲು ಮಡಚಿ ಇನ್ನೊಮ್ಮೆ, ಏಕೆಂದರೆ ಒಳಪದರದ ಸ್ನಾಯು ಸಿಗುವುದು ಆಗಲೇ.

ಮಗುವನ್ನು ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಲೇಬೇಡಿ. ದುರ್ಬಲ ಭುಜ ಜಾರುತ್ತದೆ. ಬೆನ್ನಿನ ಹಿಂದೆ ಕೈಯಿಟ್ಟು ಎಬ್ಬಿಸಿ.

ಉತ್ತರ 2

ಹಿಡಿತದ ಬಗ್ಗೆ ಒಪ್ಪಿದೆ. ಆದರೆ ಒಂದು ಗಂಟೆ ಪೂರ್ತಿ ಸ್ಟ್ರೆಚಿಂಗ್‌ಗೆ ಕೊಡುವುದು ದಂಡ. ಸ್ಟ್ರೆಚಿಂಗ್ ಕುರಿತ 2017ರ ಕಾಕ್ರೇನ್ ವಿಮರ್ಶೆಯ (ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದ ವರದಿ) ಪ್ರಕಾರ, ನರಸಂಬಂಧಿ ತೊಂದರೆಗಳಲ್ಲಿ ಅದರಿಂದ ಕೀಲಿನ ಚಲನೆಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ದೊಡ್ಡವರು ಮಾಡಿಸುವ ಚಲನೆಯಿಂದ ಮಗು ಏನನ್ನೂ ಕಲಿಯುವುದಿಲ್ಲ, ತಾನೇ ಮಾಡಿದ್ದರಿಂದ ಕಲಿಯುತ್ತದೆ.

ಒಂದೇ ವ್ಯಾಯಾಮ ಆರಿಸಿಕೊಳ್ಳಿ ಎಂದರೆ, ಕೂತು ಏಳುವುದು. ಸ್ಟೂಲ್ ಮೊಣಕಾಲಿಗಿಂತ ಸ್ವಲ್ಪ ಎತ್ತರವಿರಲಿ, ತಗ್ಗಾದರೆ ಹಿಮ್ಮಡಿ ಎದ್ದುಬಿಡುತ್ತದೆ. ಎದುರಿಗೆ, ಕೈಗೆ ಸ್ವಲ್ಪ ನಿಲುಕದಷ್ಟು ದೂರದಲ್ಲಿ, ಮೊಣಕಾಲಿನ ಎತ್ತರಕ್ಕೆ ಆಟಿಕೆ ಹಿಡಿಯಿರಿ. ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಬಾಗಿದರೆ ಸೊಂಟ ತಾನಾಗಿ ಏಳುತ್ತದೆ. ಕೂರುವಾಗ ನಾಲ್ಕು ಎಣಿಸುತ್ತ ನಿಧಾನ. ಧೊಪ್ಪೆಂದು ಕೂತರೆ ಅರ್ಧ ಕೆಲಸ ಹೋಯಿತು. 8ರ ಮೂರು ಸುತ್ತು. ಸಲೀಸಾದ ಮೇಲೆ ಸ್ಟೂಲನ್ನು 2–3 ಸೆಂ.ಮೀ. ತಗ್ಗಿಸಿ. ಹಿಮ್ಮಡಿ ನೆಲದಲ್ಲಿ ನಿಲ್ಲತೊಡಗಿದ ಮೇಲಷ್ಟೇ ಬಲಪಾದವನ್ನು ಎಡಕ್ಕಿಂತ ತುಸು ಹಿಂದಿಡಿ. ಆಗ ಭಾರ ಬಲಗಾಲಿಗೆ ಹೋಗುತ್ತದೆ. ಇಲ್ಲದಿದ್ದರೆ ಮಗು ಎಡಗಾಲಲ್ಲೇ ಎದ್ದು ನಿಮ್ಮ ಕಣ್ಣಿಗೆ ಮಣ್ಣೆರಚುತ್ತದೆ.

ಅಳು ಹಟವಲ್ಲ. ಪೆಟ್ಟಾದ ಮೆದುಳು ಬೇಗ ಸುಸ್ತಾಗುತ್ತದೆ. ಒಂದೇ ಸಲ ಒಂದು ಗಂಟೆಯ ಬದಲು ಹತ್ತು ಹತ್ತು ನಿಮಿಷದ ನಾಲ್ಕು ತುಂಡು ಮಾಡಿ, ಕಷ್ಟದ್ದು ಬೆಳಿಗ್ಗೆಯೇ ಆಗಲಿ. ಆಕಳಿಕೆ, ಕೈ ಮತ್ತೆ ಮಡಚಿಕೊಳ್ಳುವುದು ಕಂಡರೆ ನಿಲ್ಲಿಸಿ.

ಪ್ರಶ್ನೆ ಕೇಳಿದವರು

ಎಡಗೈ ಕಟ್ಟಿದರೆ ಬಲಗೈ ಬಳಸುತ್ತದೆ ಅನ್ನುತ್ತಾರೆ. ಮಾಡಬಹುದೇ?

ಉತ್ತರ 3

ಕಟ್ಟುವುದು ಬೇಡ, ಮೆತ್ತನೆಯ ಕೈಗವಸು ಸಾಕು. ಕೂತು ಆಡುವಾಗ ಮಾತ್ರ. ನಿಂತಾಗ ಬೀಳುವ ಮಗುವಿಗೆ ಆಸರೆ ಆ ಎಡಗೈಯೇ. 20 ನಿಮಿಷದಿಂದ ಶುರುಮಾಡಿ. ಎಷ್ಟರವರೆಗೆ ಏರಿಸಬೇಕು, ಎಷ್ಟು ವಾರ ಎಂಬುದನ್ನು ಥೆರಪಿಸ್ಟ್ ಜೊತೆ ಕೂತು ನಿಗದಿ ಮಾಡಿ. ಆಟ ಬಲಗೈಗೆ ನಿಲುಕುವಂತಿರಬೇಕು: ಸ್ಪಂಜಿನ ತುಂಡು, ದೊಡ್ಡ ಬ್ಲಾಕು. ಹತ್ತರಲ್ಲಿ ಏಳು ಸಲ ಗೆದ್ದರೆ ಸರಿಯಾದ ಮಟ್ಟ, ಮೂರೇ ಸಲ ಗೆದ್ದರೆ ಮಗು ಕೈಬಿಡುತ್ತದೆ.

ಅದರ ಹಿಂದೆಯೇ ಎರಡೂ ಕೈ ಬೇಕಾಗುವ ಆಟಗಳು ಬರಲಿ: ಡಬ್ಬಿಯನ್ನು ಬಲಗೈ ಒತ್ತಿ ಹಿಡಿದರೆ ಎಡಗೈ ಮುಚ್ಚಳ ತಿರುಗಿಸುವುದು, ಕಾಗದವನ್ನು ಬಲಗೈ ಅದುಮಿದರೆ ಎಡಗೈ ಬಣ್ಣ ತುಂಬುವುದು. ದಿನಬಳಕೆಯಲ್ಲಿ ಬಲಗೈ ಸಹಾಯಕ್ಕೆ ಬಂದರೂ ದೊಡ್ಡ ಗೆಲುವೇ.

ಸೂಚನೆ ಒಂದು ಸಲಕ್ಕೆ ಒಂದೇ. ಹೇಳಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಎರಡನೇ ಸಲ ಹೇಳಿದರೆ ಮಗುವಿಗೆ ಮೊದಲನೆಯದೂ ತಪ್ಪಿಹೋಗುತ್ತದೆ.

ಉತ್ತರ 1 ಬರೆದವರು

ಒಂದು ಸೇರಿಸುತ್ತೇನೆ. ಬಿಗಿತ ಇದ್ದಕ್ಕಿದ್ದಂತೆ ಹೆಚ್ಚಿದರೆ ಸ್ಟ್ರೆಚಿಂಗ್ ಹೆಚ್ಚಿಸಬೇಡಿ, ಕಾರಣ ಹುಡುಕಿ: ಮಲಬದ್ಧತೆ, ಮೂತ್ರದ ಸೋಂಕು, ಒಳಕ್ಕೆ ಬೆಳೆದ ಉಗುರು, ಎಎಫ್‌ಒ (ಪಾದ, ಕಣಕಾಲಿಗೆ ತೊಡಿಸುವ ಆಸರೆ) ಒತ್ತಿದ ಗಾಯ. ಎಎಫ್‌ಒ ತೆಗೆದು ಅರ್ಧ ಗಂಟೆಯಾದರೂ ಕೆಂಪು ಇಳಿಯದಿದ್ದರೆ ಅದನ್ನು ತಿದ್ದಿಸಬೇಕು. ಸೊಂಟದ ಕೀಲು ಅಥವಾ ಮೊಣಕಾಲು ಊದಿ, ಬಿಸಿಯಾಗಿ, ಮಡಚುವುದು ಕಡಿಮೆಯಾದರೆ ಕೀಲಿನ ಸುತ್ತ ಮೂಳೆ ಬೆಳೆಯುತ್ತಿರಬಹುದು. ಬಲವಂತವಾಗಿ ಮಡಚದೆ ವೈದ್ಯರಿಗೆ ತೋರಿಸಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, 5 ನಿಮಿಷ ಮೀರಿದ ಫಿಟ್ಸ್: ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಎಮರ್ಜೆನ್ಸಿಗೆ ಕರೆದೊಯ್ಯಿರಿ. ತಲೆಯಲ್ಲಿ ಶಂಟ್ (ಮೆದುಳಿನ ಹೆಚ್ಚುವರಿ ದ್ರವ ಹರಿಸುವ ಕೊಳವೆ) ಇದ್ದರಂತೂ ಮೊದಲ ಮೂರನ್ನು ಹೊಟ್ಟೆಯ ತೊಂದರೆ, ಸುಸ್ತು ಎಂದು ತಳ್ಳಿಹಾಕಬೇಡಿ.