ಜೈಲಿನಲ್ಲಿರುವ ಬಡವರಿಗಾಗಿ ಕೆಲಸ ಮಾಡಬೇಕೆಂದಿದ್ದೇವೆ, ಎಲ್ಲಿಂದ ಆರಂಭಿಸಬೇಕು? ಬೆಂಗಳೂರಿನವರ ಅನುಭವಗಳು

ಕೇಳಿದವರು: ನಿವೃತ್ತ ಶಿಕ್ಷಕ, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ನಾವು ಬಡಾವಣೆಯ ಒಂದು ಚಿಕ್ಕ ಗ್ರಂಥಾಲಯ ನಡೆಸುವ ಹತ್ತಾರು ಮಂದಿ. ಹೆಚ್ಚಿನವರು ನಿವೃತ್ತರು, ಇಬ್ಬರು ಕಾಲೇಜು ಹುಡುಗಿಯರೂ ಇದ್ದಾರೆ. ಜೈಲಿನಲ್ಲಿರುವ ಬಡವರಿಗೆ ನಮ್ಮ ಕೈಲಾದದ್ದನ್ನು ಮಾಡಬೇಕೆಂದು ಕೊನೆಗೂ ತೀರ್ಮಾನಿಸಿದ್ದೇವೆ. ಪರಪ್ಪನ ಅಗ್ರಹಾರದಲ್ಲಿ ವಾರಕ್ಕೊಮ್ಮೆ ಓದುಬರಹ ಕಲಿಸುವುದು, ಪುಸ್ತಕ ಕೊಡುವುದು ನಮ್ಮ ಮೊದಲ ಯೋಚನೆ. ಇದಕ್ಕೆ ಟ್ರಸ್ಟ್ ನೋಂದಾಯಿಸಬೇಕೇ? ಯಾರ ಅನುಮತಿ ಬೇಕು? ನಿಜಕ್ಕೂ ಉಪಯೋಗಕ್ಕೆ ಬರುವ ಕೆಲಸ ಯಾವುದು? ಈ ಕ್ಷೇತ್ರದಲ್ಲಿ ದುಡಿದವರು, ಒಳಗಿದ್ದು ಬಂದವರ ಮನೆಯವರು ದಯವಿಟ್ಟು ತಿಳಿಸಿ.

ಅರೆ ಕಾನೂನು ಸ್ವಯಂಸೇವಕಿ, ಕೋಣನಕುಂಟೆ

ಸರ್, ತರಗತಿ ನಡೆಸುವ ಆಸೆಯನ್ನು ಬಿಡಬೇಡಿ. ಆದರೆ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದು ಕಾದು ಕುಳಿತಿದೆ. ನಮ್ಮ ದೇಶದ ಜೈಲುಗಳಲ್ಲಿ ಇರುವವರ ಪೈಕಿ ಮುಕ್ಕಾಲು ಪಾಲು ಜನರಿಗೆ ಶಿಕ್ಷೆಯೇ ಆಗಿಲ್ಲ. 2022ರ ಡಿಸೆಂಬರ್ ಕೊನೆಗೆ ಇದ್ದ 5,73,220 ಬಂಧಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಇವರಲ್ಲಿ ಜಾಮೀನು ಸಿಕ್ಕವರೂ ಇದ್ದಾರೆ. ನ್ಯಾಯಾಧೀಶರು ಬಿಡಿ ಎಂದಿದ್ದಾರೆ, ಶ್ಯೂರಿಟಿ (ಕೋರ್ಟಿಗೆ ತಪ್ಪದೆ ಹಾಜರಾಗುತ್ತಾರೆಂಬ ಹೊಣೆ) ಕೊಡುವವರು ಇಲ್ಲದೆ ಅವರು ಒಳಗೇ ಉಳಿದಿದ್ದಾರೆ. ನಿಮ್ಮಂಥ ಸಣ್ಣ ಗುಂಪಿನ ಕೈಗೆಟುಕುವ ಕೆಲಸ ಇರುವುದು ಜಾಮೀನು ಆದೇಶಕ್ಕೂ ಜೈಲಿನ ಹೆಬ್ಬಾಗಿಲಿಗೂ ನಡುವೆ.

ಯಾದಗಿರಿ ಕಡೆಯ ಗಾರೆ ಕೆಲಸದ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ಕಟ್ಟಡದ ಕಬ್ಬಿಣ ಕದ್ದ ಆರೋಪ. ಐವತ್ತು ಸಾವಿರ ರೂಪಾಯಿಯ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬರ ಶ್ಯೂರಿಟಿ ಎಂದು ಆದೇಶವಾಯಿತು. ಮನೆಯವರಿಗೆ ಎರಡು ಎಕರೆ ಹೊಲ ಇತ್ತು, ಅಣ್ಣನೇ ಶ್ಯೂರಿಟಿಗೆ ನಿಲ್ಲಲು ಸಿದ್ಧನಿದ್ದ. ತಂದೆ ಪಹಣಿ ಹಿಡಿದು ಅವನೊಂದಿಗೆ ರಾತ್ರಿ ಬಸ್ಸಿಗೆ ಬಂದರು. ತೆಗೆದು ನೋಡಿದರೆ ಪಹಣಿಯ ಒಂಬತ್ತನೇ ಕಾಲಂನಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರು. ಪೌತಿ ಖಾತೆಯೇ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆಯೇ ಆಗಿರಲಿಲ್ಲ. ಸತ್ತವರ ಹೆಸರಿನ ಜಮೀನಿನ ಮೇಲೆ ಶ್ಯೂರಿಟಿ ಒಪ್ಪುವುದಿಲ್ಲ ಎಂದು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಊರಿಗೆ ಹಿಂತಿರುಗಿ ನಾಡಕಚೇರಿ, ತಾಲ್ಲೂಕು ಕಚೇರಿ ಅಲೆದು ಖಾತೆ ಬದಲಾಯಿಸಿಕೊಂಡು ಬರುವವರೆಗೆ ಮಗ ಒಳಗೇ ಇರಬೇಕೇ? ನಾವು ಅವರನ್ನು ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕರೆದೊಯ್ದೆವು. ಅಲ್ಲಿ ನೇಮಕವಾದ ವಕೀಲರು, ಬಾಂಡ್ ಮೊತ್ತ ತಗ್ಗಿಸಿ ಶ್ಯೂರಿಟಿಯ ಬದಲು ನಗದು ಠೇವಣಿಗೆ ಅವಕಾಶ ಕೊಡಬೇಕೆಂದು ಅರ್ಜಿ ಹಾಕಿದರು. ನ್ಯಾಯಾಲಯ ಒಪ್ಪಿತು. ಹಣವನ್ನು ಮೇಸ್ತ್ರಿಯೂ ಊರಿನವರೂ ಸೇರಿ ಹೊಂದಿಸಿದರು. ಇದರಲ್ಲಿ ಕಾನೂನು ಪಾಂಡಿತ್ಯ ಏನೂ ಬೇಕಾಗಲಿಲ್ಲ, ಜೊತೆಗೆ ನಡೆಯುವವರು ಬೇಕಾಗಿತ್ತು.

ಈ ಅಡಚಣೆ ಸುಪ್ರೀಂ ಕೋರ್ಟಿಗೂ ಗೊತ್ತಿದೆ. 2023ರ ಜನವರಿ 31ರ ನಿರ್ದೇಶನ ಹೀಗಿದೆ: ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಜೈಲು ಅಧೀಕ್ಷಕರಿಗೆ ಇ–ಮೇಲ್‌ನಲ್ಲಿ ಕಳುಹಿಸಬೇಕು. ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಅಧೀಕ್ಷಕರು ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಒದಗಿಸಲು ಆಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ನ್ಯಾಯಾಲಯ ತಾನಾಗಿಯೇ ಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟ ತಡಕ್ಕೆ ಕಾರಣವಾಗುತ್ತದೆ ಎಂದೂ ಅಲ್ಲಿ ಹೇಳಿದೆ. ಕಾಗದದ ಮೇಲೆ ಎಲ್ಲವೂ ಇದೆ. ಏಳನೆಯ ದಿನ ಯಾರಾದರೂ ನೆನಪಿಸಿದರೆ ಕೆಲಸ ಸಾಗುತ್ತದೆ. ಆ ನೆನಪಿಸುವವರು ನೀವಾಗಿ.

ಇನ್ನೊಂದು ಮಾತು. ಬಿಡುಗಡೆ ಸಾಮಾನ್ಯವಾಗಿ ಸಂಜೆ ಆಗುತ್ತದೆ. ಹೊರಬಂದವನ ಮೊಬೈಲ್ ಪೊಲೀಸರ ವಶದಲ್ಲಿರುತ್ತದೆ, ಕೈಯಲ್ಲಿ ಬಸ್ಸಿಗೆ ದುಡ್ಡಿರುವುದಿಲ್ಲ, ಮುಂದಿನ ವಾಯಿದೆ (ವಿಚಾರಣೆಯ ದಿನ) ಯಾವಾಗ ಎಂಬುದೂ ತಿಳಿದಿರುವುದಿಲ್ಲ. ಎರಡು ವಾಯಿದೆ ತಪ್ಪಿದರೆ ವಾರಂಟ್, ಮತ್ತೆ ಬಂಧನ, ಎರಡನೆಯ ಸಲ ಜಾಮೀನು ಇನ್ನೂ ಕಷ್ಟ. ಅವನ ಪ್ರಕರಣದ ಹದಿನಾರು ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದುಕೊಳ್ಳಿ. ಇ–ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ವಾಯಿದೆಯ ದಿನಾಂಕ ಸಿಗುತ್ತದೆ. ಹಿಂದಿನ ದಿನ ಸಂಜೆ ಒಂದು ಫೋನ್ ಮಾಡಿ. ನಿಮ್ಮ ಕಾಲೇಜು ಹುಡುಗಿಯರು ಇದೊಂದನ್ನೇ ಶ್ರದ್ಧೆಯಿಂದ ಮಾಡಿದರೂ ಎಷ್ಟೋ ಜನ ಮತ್ತೆ ಜೈಲು ಸೇರುವುದು ತಪ್ಪುತ್ತದೆ.

ವಕೀಲ, ಗಾಂಧಿನಗರ

ಮೇಲಿನ ಮೇಡಂ ಹೇಳಿದ್ದು ಅಕ್ಷರಶಃ ಸರಿ. ಕಾನೂನಿನ ಒಂದೆರಡು ವಿಷಯ ಸೇರಿಸುತ್ತೇನೆ.

ಹಳೆಯ ಸಿಆರ್‌ಪಿಸಿಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮನ್ನು ನಿಮ್ಮ ಗುಂಪಿನ ಪ್ರತಿಯೊಬ್ಬರೂ ತಿಳಿದಿರಲೇಬೇಕು. ಆರೋಪಿತ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣಾಧೀನನಾಗಿ ಒಳಗಿದ್ದವನು ಜಾಮೀನಿಗೆ ಅರ್ಹ. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆ ಆಗದವನಾದರೆ ಮೂರನೇ ಒಂದು ಭಾಗ ಕಳೆದರೆ ಸಾಕು, ಬಾಂಡ್ ಮೇಲೆ ಬಿಡಬೇಕು. ಅಂದರೆ ಮೂರು ವರ್ಷದವರೆಗೆ ಶಿಕ್ಷೆ ಇರುವ ಸಾಮಾನ್ಯ ಕಳ್ಳತನದ ಪ್ರಕರಣದಲ್ಲಿ ಒಂದು ವರ್ಷ. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದು. ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕಿಂತ ಹಿಂದಿನ ಪ್ರಕರಣಗಳಿಗೂ ಈ ಕಲಮು ಅನ್ವಯಿಸುತ್ತದೆ ಎಂದು ಅದೇ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗಬಲ್ಲ ಅಪರಾಧಗಳಿಗೆ ಈ ಅನುಕೂಲ ಇಲ್ಲ. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದರೂ ಇಲ್ಲ. ನನ್ನನ್ನು ಕೇಳಿದರೆ ಈ ಕೊನೆಯ ನಿರ್ಬಂಧ ತೀರಾ ಅನ್ಯಾಯದ್ದು. ಮೊಬೈಲ್ ಕಳವಿನಲ್ಲಿ ಸಿಕ್ಕಿಬಿದ್ದ ಹುಡುಗನ ಮೇಲೆ ನಾಲ್ಕೈದು ಠಾಣೆಗಳ ಹಳೆಯ ದೂರುಗಳನ್ನೆಲ್ಲ ಹೊರಿಸಿದರೆ, ಕಾನೂನು ಯಾರಿಗಾಗಿ ಬಂದಿತೋ ಅವರಿಗೇ ಬಾಗಿಲು ಮುಚ್ಚುತ್ತದೆ.

ಇದರಿಂದಲೇ ಒಂದು ಎಚ್ಚರಿಕೆ. ಒಂದು ಪ್ರಕರಣದಲ್ಲಿ ಬಿಡುಗಡೆ ಆದೇಶ ಬಂದಿತೆಂದು ಮನೆಯವರನ್ನು ಅಗ್ರಹಾರದ ಗೇಟಿಗೆ ಕರೆಯುವ ಮೊದಲು, ಬೇರೆ ನ್ಯಾಯಾಲಯದ ಬಾಡಿ ವಾರಂಟ್ (ಜೈಲಿನಲ್ಲಿರುವವನನ್ನು ತನ್ನ ಮುಂದೆ ಹಾಜರುಪಡಿಸಬೇಕೆಂಬ ಆದೇಶ) ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಮಕ್ಕಳನ್ನು ಕಟ್ಟಿಕೊಂಡು ಬಂದು ರಾತ್ರಿಯವರೆಗೆ ಕಾದು ಬರಿಗೈಯಲ್ಲಿ ಹಿಂತಿರುಗಿದ ಹೆಂಗಸರನ್ನು ನಾನು ಕಂಡಿದ್ದೇನೆ.

ಸ್ವಯಂಸೇವಕರು ಅಪರಿಚಿತರಿಗೆ ತಾವೇ ಶ್ಯೂರಿಟಿ ನಿಲ್ಲಬೇಡಿ. ಆರೋಪಿ ತಪ್ಪಿಸಿಕೊಂಡರೆ ಬಾಂಡ್ ಮೊತ್ತ ನಿಮ್ಮ ತಲೆಗೆ ಬರುತ್ತದೆ. ಇದುವರೆಗೆ ಎಷ್ಟು ಜನರಿಗೆ ಶ್ಯೂರಿಟಿ ನಿಂತಿದ್ದೀರಿ ಎಂದು ನ್ಯಾಯಾಲಯಕ್ಕೆ ಘೋಷಣೆಯನ್ನೂ ಕೊಡಬೇಕಾಗುತ್ತದೆ. ನ್ಯಾಯಾಲಯದ ಆವರಣದಲ್ಲಿ ದುಡ್ಡಿಗೆ ಶ್ಯೂರಿಟಿ ಒದಗಿಸುತ್ತೇವೆ ಎನ್ನುವವರ ಹತ್ತಿರವೂ ಸುಳಿಯಬೇಡಿ. ನಕಲಿ ಪಹಣಿಯ ಜಾಲಗಳು ಸಿಕ್ಕಿಬಿದ್ದ ಸುದ್ದಿ ಆಗಾಗ ಓದುತ್ತೀರಲ್ಲ, ಆ ಪ್ರಕರಣಗಳಲ್ಲಿ ಬಡ ಆರೋಪಿಯ ಜಾಮೀನೂ ಹೋಗುತ್ತದೆ.

ಗಾರ್ಮೆಂಟ್ಸ್ ಕೆಲಸಗಾರ್ತಿ, ಲಗ್ಗೆರೆ (ಮಗಳ ಕೈಯಲ್ಲಿ ಬರೆಸಿದ್ದು)

ನನ್ನ ಮಗ ಹೊಡೆದಾಟದ ಕೇಸಿನಲ್ಲಿ ಒಳಗಿದ್ದ. ಆದೇಶದ ಕಾಗದ ಇಂಗ್ಲಿಷಿನಲ್ಲಿ ಇತ್ತು. ನಮ್ಮ ವಠಾರದಲ್ಲಿ ಅದನ್ನು ಓದಿ ಹೇಳುವವರು ಇರಲಿಲ್ಲ. ನಮ್ಮ ಕೇಸು ನೋಡಿಕೊಳ್ಳುತ್ತೇನೆಂದು ಮುಂಗಡ ತೆಗೆದುಕೊಂಡವರೊಬ್ಬರು ಆಮೇಲೆ ಫೋನ್ ಎತ್ತಲಿಲ್ಲ. ಕೋರ್ಟಿಗೆ ಹೋದ ದಿನದ ಸಂಬಳ ಹೋಗುತ್ತದೆ, ಆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ಒಬ್ಬರು ಅಕ್ಕ ಬಂದು ಆ ಕಾಗದವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಯಾವ ದಿನ, ಎಷ್ಟನೇ ಹಾಲ್, ಏನೇನು ದಾಖಲೆ ಎಂದು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ಅದಕ್ಕಿಂತ ದೊಡ್ಡ ಉಪಕಾರ ಆಗ ನನಗೆ ಬೇರೆ ಬೇಕಿರಲಿಲ್ಲ.

ಮನೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು, ‘ನಿಮ್ಮ ಮಗ ಏನು ಮಾಡಿದ?’ ಎಂದು. ಆ ಅಕ್ಕ ಅದನ್ನು ಕೇಳಲಿಲ್ಲ. ಸರ್, ನೀವೂ ಕೇಳಬೇಡಿ. ಬೇಕಾದಾಗ ನಾವೇ ಹೇಳುತ್ತೇವೆ.

ಜೈಲಿನಲ್ಲಿ ಓದುಬರಹ ಕಲಿಸುವವರು, ಎಲೆಕ್ಟ್ರಾನಿಕ್ ಸಿಟಿ

ಮೊದಲು ಹೇಳಿದವರ ಜೊತೆ ನನ್ನ ಜಗಳವಿಲ್ಲ, ಆದರೆ ತರಗತಿಯನ್ನು ಎರಡನೇ ಸಾಲಿಗೆ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದವನು ತನ್ನ ಹೆಸರು ಬರೆದ ದಿನವೇ ತನ್ನ ದೋಷಾರೋಪ ಪಟ್ಟಿಯನ್ನು ತಂದು, ‘ಇದರಲ್ಲಿ ನನ್ನ ಹೆಸರು ಎಲ್ಲಿದೆ ತೋರಿಸಿ ಸರ್’ ಎಂದು ಕೇಳಿದ್ದಾನೆ. ಜಾಮೀನು ಆಗಿದೆ ಎಂಬುದನ್ನೇ ತಿಳಿಯದವರು ಪತ್ತೆಯಾಗಿದ್ದು ತರಗತಿಯಲ್ಲಿ. ಅಪರಿಚಿತರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ವಾರ ವಾರ ಅದೇ ಮುಖ ಕಂಡರೆ ಬಿಡುತ್ತಾರೆ.

ಅನುಮತಿಗೆ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಗೆ ಲಿಖಿತ ಮನವಿ ಕೊಡಬೇಕು. ಯಾರು ಬರುತ್ತಾರೆ, ಯಾವ ದಿನ, ಏನು ಕಲಿಸುತ್ತೀರಿ ಎಂದು ಸ್ಪಷ್ಟವಾಗಿ ಬರೆಯಿರಿ. ಉತ್ತರ ಬರಲು ಸಮಯ ಹಿಡಿಯುತ್ತದೆ. ಒಳಗಿನಿಂದ ಚೀಟಿ, ಸಂದೇಶ ಹೊರಗೆ ತರುವ ಕೆಲಸವನ್ನು ಯಾರು ಎಷ್ಟೇ ಅತ್ತು ಕೇಳಿದರೂ ಮಾಡಬೇಡಿ. ನಿಮ್ಮೊಬ್ಬರಿಂದ ಎಲ್ಲರ ತರಗತಿಯೂ ನಿಂತುಹೋಗುತ್ತದೆ. ಬದಲಿಗೆ ಆ ಮಾತನ್ನು ಜೈಲಿಗೆ ಭೇಟಿ ಕೊಡುವ ಕಾನೂನು ನೆರವಿನ ವಕೀಲರ ಮುಂದೆ ಇಡುವಂತೆ ಅವರಿಗೆ ಹೇಳಿ.

ಕಾನೂನು ಸಂಶೋಧಕಿ, ಮಲ್ಲೇಶ್ವರ

ಎಲ್ಲರೂ ಜಾಮೀನಿನ ಬಗ್ಗೆ ಬರೆದಿದ್ದಾರೆ. ಶಿಕ್ಷೆ ಪ್ರಕಟಿಸುವ ಹಂತದಲ್ಲೂ ಸ್ವಯಂಸೇವಕರಿಗೆ ಜಾಗ ಇದೆ, ಅದು ಹೆಚ್ಚುಕಡಿಮೆ ಖಾಲಿ ಬಿದ್ದಿದೆ.

1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್, ಅಂದರೆ ಜೈಲಿನ ಬದಲು ಹೊರಗೇ ನಿಗಾದಲ್ಲಿ ಇಡುವ) ಕಾಯ್ದೆಯ ಪ್ರಕಾರ ಇಪ್ಪತ್ತೊಂದು ವರ್ಷದೊಳಗಿನವರನ್ನು, ಜೀವಾವಧಿಗೆ ಗುರಿಯಾಗದ ಅಪರಾಧಗಳಲ್ಲಿ, ಜೈಲಿಗೆ ಕಳುಹಿಸಬೇಕಾದರೆ ನ್ಯಾಯಾಧೀಶರು ಕಾರಣ ದಾಖಲಿಸಬೇಕು, ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು. ಅದೇ ಕಾಯ್ದೆಯ 13ನೇ ಕಲಮು, ರಾಜ್ಯ ಸರ್ಕಾರ ಮಾನ್ಯ ಮಾಡಿದ ಸಂಘಸಂಸ್ಥೆ ಒದಗಿಸುವ ವ್ಯಕ್ತಿಯೂ ಪರಿವೀಕ್ಷಣಾಧಿಕಾರಿ ಆಗಬಹುದು ಎನ್ನುತ್ತದೆ. ಅರವತ್ತು ವರ್ಷಕ್ಕೂ ಹಿಂದೆ ಶಾಸನವೇ ಸ್ವಯಂಸೇವಾ ಸಂಸ್ಥೆಗಳನ್ನು ಕೈಬೀಸಿ ಕರೆದಿದೆ. ಮುಂದೆಂದಾದರೂ ನೋಂದಾಯಿತ ಸಂಸ್ಥೆ ಮಾಡುವುದಾದರೆ ಈ ದಾರಿಯನ್ನು ಗಂಭೀರವಾಗಿ ಯೋಚಿಸಿ.

ಐಪಿಸಿಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ತಂದಿದೆ. ಕುಡಿದು ಸಾರ್ವಜನಿಕವಾಗಿ ದುರ್ವರ್ತನೆ, ಮೊದಲ ಸಲದ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳ್ಳತನ (ವಸ್ತು ಹಿಂತಿರುಗಿಸಿದ್ದರೆ), ಮಾನಹಾನಿ ಮುಂತಾದ ಕೆಲವೇ ಅಪರಾಧಗಳಿಗೆ. ಆದರೆ ಎಲ್ಲಿ, ಯಾರ ಉಸ್ತುವಾರಿಯಲ್ಲಿ ಸೇವೆ ಮಾಡಬೇಕು ಎಂಬುದನ್ನು ಸಂಹಿತೆ ಬಿಡಿಸಿ ಹೇಳುವುದಿಲ್ಲ. ನಿಮ್ಮ ಗ್ರಂಥಾಲಯವೇ ಅಂಥ ಒಂದು ಜಾಗ ಆಗಬಾರದೇಕೆ? ಪುಸ್ತಕಗಳಿಗೆ ರಟ್ಟು ಹಾಕುವುದು, ಕಪಾಟು ಜೋಡಿಸುವುದು ಯಾರ ಮರ್ಯಾದೆಯನ್ನೂ ಕಳೆಯದ ಕೆಲಸ. ಜಿಲ್ಲಾ ಪ್ರಾಧಿಕಾರದ ಮುಂದೆ ಬರವಣಿಗೆಯಲ್ಲಿ ಪ್ರಸ್ತಾಪ ಇಡಿ.

ಒಂದೇ ಬಗೆಯ ಅಪರಾಧಕ್ಕೆ ಒಂದು ಕೋರ್ಟಿನಲ್ಲಿ ದಂಡ, ಪಕ್ಕದ ಕೋರ್ಟಿನಲ್ಲಿ ಜೈಲು ಎಂಬ ಸ್ಥಿತಿ ಬದಲಾಗಬೇಕು. ನಮ್ಮವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠ ಅವರ ಸಮಿತಿ 2003ರಲ್ಲಿಯೇ ಶಿಕ್ಷೆ ನಿಗದಿಗೆ ಮಾರ್ಗಸೂಚಿ ಬೇಕೆಂದು ಹೇಳಿತ್ತು. ಅದು ಬರುವವರೆಗೆ ಆರೋಪಿಯ ದುಡಿಮೆ, ಮನೆಯ ಸ್ಥಿತಿ, ಓದು, ಕಾಯಿಲೆಗಳ ವಿವರ ಮತ್ತು ದಾಖಲೆಗಳನ್ನು ಕಲೆಹಾಕಿ ವಕೀಲರ ಕೈಗೆ ಕೊಡುವವರು ಬೇಕು. ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಕೇಳುವ ದಿನ ಬಡವನ ಪರವಾಗಿ ‘ವಯಸ್ಸಾದ ತಾಯಿ ಇದ್ದಾಳೆ’ ಎಂಬ ಒಂದು ಸಾಲಿನಾಚೆ ಹೇಳಲು ಏನೂ ಇರುವುದಿಲ್ಲ.

ಕೇಳಿದವರು

ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಎಲ್ಲರಿಗೂ ಕೃತಜ್ಞತೆ. ಲಗ್ಗೆರೆಯ ತಾಯಿ ಹೇಳಿದ್ದನ್ನು ನಮ್ಮವರಿಗೆಲ್ಲ ಓದಿ ಹೇಳಿದೆ. ಎರಡು ಪ್ರಶ್ನೆ: ಠೇವಣಿಗಾಗಿ ನಾವು ಒಂದು ನಿಧಿ ಕೂಡಿಸಬಹುದೇ? ಟ್ರಸ್ಟ್ ಇಲ್ಲದೆ ನಮ್ಮನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ?

ಅರೆ ಕಾನೂನು ಸ್ವಯಂಸೇವಕಿ, ಕೋಣನಕುಂಟೆ

ನಿಧಿಗೆ ಈಗಲೇ ಕೈ ಹಾಕಬೇಡಿ. 2023ರಿಂದ ಬಡ ಬಂಧಿಗಳಿಗೆ ನೆರವು ನೀಡುವ ಕೇಂದ್ರದ ಯೋಜನೆ ಇದೆ. 2023ರ ನಿಯಮದಂತೆ ಜಾಮೀನಿಗೆ ನಲವತ್ತು ಸಾವಿರ ರೂಪಾಯಿವರೆಗೆ, ಶಿಕ್ಷೆ ಮುಗಿಸಿಯೂ ದಂಡ ಕಟ್ಟಲಾಗದೆ ಉಳಿದವರಿಗೆ ಇಪ್ಪತ್ತೈದು ಸಾವಿರದವರೆಗೆ ಜಿಲ್ಲಾ ಮಟ್ಟದ ಸಮಿತಿ ಮಂಜೂರು ಮಾಡಬಹುದಿತ್ತು. ಭ್ರಷ್ಟಾಚಾರ, ಅಕ್ರಮ ಹಣ ವರ್ಗಾವಣೆ, ಮಾದಕವಸ್ತು ಮತ್ತು ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಪ್ರಕರಣಗಳಿಗೆ ಇದು ಇಲ್ಲ. ಬಂಧಿ ನಿಜಕ್ಕೂ ಬಡವನೇ ಎಂದು ವಿಚಾರಿಸುವಾಗ ಪ್ರಾಧಿಕಾರ ಸಮಾಜ ಕಾರ್ಯಕರ್ತರ ನೆರವು ಪಡೆಯಬಹುದು. ಮನೆಗೆ ಹೋಗಿ ನೋಡಿ ವರದಿ ಕೊಡುವ ಆ ಕೆಲಸಕ್ಕೆ ನಿಮ್ಮ ಹೆಸರು ಕೊಡಿ. ನಿಧಿಯಿಂದ ಕೊಡಲೇಬೇಕಾದ ಸಂದರ್ಭ ಬಂದರೆ ವಕೀಲರ ಮೂಲಕ ನ್ಯಾಯಾಲಯಕ್ಕೇ ಕಟ್ಟಿಸಿ, ರಸೀದಿಯ ಪ್ರತಿ ಇಟ್ಟುಕೊಳ್ಳಿ, ಯಾರ ಕೈಗೂ ನಗದು ಕೊಡಬೇಡಿ.

ಟ್ರಸ್ಟ್ ಇಲ್ಲದೆಯೇ ಆರಂಭಿಸಬಹುದು. ಅರೆ ಕಾನೂನು ಸ್ವಯಂಸೇವಕರ ರಾಷ್ಟ್ರೀಯ ಯೋಜನೆಯಲ್ಲಿ ನಿವೃತ್ತ ಶಿಕ್ಷಕರು, ಹಿರಿಯ ನಾಗರಿಕರು, ಕಾನೂನು ವಿದ್ಯಾರ್ಥಿಗಳು ಅರ್ಹರ ಪಟ್ಟಿಯಲ್ಲಿದ್ದಾರೆ. ಒಳ್ಳೆಯ ನಡತೆಯ ವಿದ್ಯಾವಂತ ಸಜಾಬಂಧಿಗಳೂ ಇದ್ದಾರೆ. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ರಾಜ್ಯ ಪ್ರಾಧಿಕಾರದಲ್ಲಿ ಮುಂದಿನ ಆಯ್ಕೆ ಯಾವಾಗ ಎಂದು ವಿಚಾರಿಸಿ. ತರಬೇತಿಯನ್ನು ಅವರೇ ಕೊಡುತ್ತಾರೆ. ಆಯ್ಕೆ ಆಗುವವರೆಗೆ ಸುಮ್ಮನೆ ಕೂರಬೇಡಿ. ಕಾನೂನು ನೆರವಿನ ಸಹಾಯವಾಣಿ 15100 ಎಂಬುದನ್ನೂ, ಬಂಧನದಲ್ಲಿರುವ ಯಾರಿಗಾದರೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ ಎಂಬುದನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗ್ರಂಥಾಲಯದ ಬಾಗಿಲಿಗೆ ಅಂಟಿಸಿ. ನಿಮ್ಮ ಸುತ್ತಲಿನ ಕೂಲಿ ಲೈನುಗಳಲ್ಲಿ, ಗ್ಯಾರೇಜುಗಳಲ್ಲಿ ಅದರ ಪ್ರತಿ ಹಂಚಿ. ಶನಿವಾರ ಮಧ್ಯಾಹ್ನ ನಾನು ಬಿಡುವಾಗಿರುತ್ತೇನೆ, ನಿಮ್ಮವರೆಲ್ಲ ಸೇರುವುದಾದರೆ ಬಂದು ಶ್ಯೂರಿಟಿ ದಾಖಲೆಗಳನ್ನು ಒಂದೊಂದಾಗಿ ತೋರಿಸಿಕೊಡುತ್ತೇನೆ.