'ಲೈಟ್‌ಮೋಟಿಫ್' ಎಂಬುದಕ್ಕೆ ಒಪ್ಪುವ ಕನ್ನಡ ಪದ ಯಾವುದು?

ಮಾನ್ಯರೇ,

2001ರಿಂದ 2003ರವರೆಗೆ ತೆರೆಕಂಡ 'ದ ಲಾರ್ಡ್ ಆಫ್ ದ ರಿಂಗ್ಸ್' ಚಿತ್ರತ್ರಯಕ್ಕೆ ಹೊವರ್ಡ್ ಶೋರ್ ರಚಿಸಿದ ವಾದ್ಯವೃಂದ ಸಂಗೀತವನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಹೆಜ್ಜೆಹೆಜ್ಜೆಗೂ ಬೇಕಾಗುವ 'ಲೈಟ್‌ಮೋಟಿಫ್' ಎಂಬ ಪರಿಭಾಷೆಗೆ ತಕ್ಕ ಪದ ಸಿಗುತ್ತಿಲ್ಲ. ಒಂದು ಪಾತ್ರಕ್ಕೋ ನಾಡಿಗೋ ವಸ್ತುವಿಗೋ ಅಂಟಿಕೊಂಡು, ಕತೆಯಲ್ಲಿ ಅದರ ಸುಳಿವು ಬಂದಾಗಲೆಲ್ಲ ಮರಳುವ, ಮರಳುವಾಗ ಸನ್ನಿವೇಶಕ್ಕೆ ತಕ್ಕಂತೆ ರೂಪ ಬದಲಿಸುವ ಕಿರು ಸ್ವರಗುಚ್ಛ ಎಂಬುದು ಇದರ ಅರ್ಥ. 1876ರಲ್ಲಿ ಜರ್ಮನಿಯ ಬೈರಾಯ್ಟ್ ಊರಿನಲ್ಲಿ ಇಡಿಯಾಗಿ ಪ್ರದರ್ಶನಗೊಂಡ, ಸಂಗೀತ ರಚನಕಾರ ವಾಗ್ನರನ 'ರಿಂಗ್' ಸಂಗೀತನಾಟಕಗಳ ಚರ್ಚೆಯಲ್ಲಿ ಬೇರೂರಿದ ಜರ್ಮನ್ ಪದವಿದು.

'ಪಲ್ಲವಿ' ಮರಳುವುದು ಹಾಡಿನ ಕಟ್ಟಡದ ನಿಯಮದಿಂದಲೇ ಹೊರತು ಕತೆಯ ಒತ್ತಾಯದಿಂದಲ್ಲ. 'ಮಟ್ಟು', 'ಧಾಟಿ' ಎಂದರೆ ಸ್ವರದ ಓಟವಷ್ಟೇ ತಿಳಿಯುತ್ತದೆ, ಅದು ಯಾರದೆಂಬುದು ತಿಳಿಯುವುದಿಲ್ಲ. ಯಕ್ಷಗಾನದ ಒಡ್ಡೋಲಗದಲ್ಲಿ, ಎಂದರೆ ಪಾತ್ರಗಳ ಮೊದಲ ರಂಗಪ್ರವೇಶದಲ್ಲಿ, ವೇಷಕ್ಕೆ ತಕ್ಕ ನುಡಿತಗಳಿವೆಯಾದರೂ ಅವು ವೇಷದ ಜಾತಿಯನ್ನು ಹೇಳುತ್ತವೆ. ಪ್ರಸಂಗದುದ್ದಕ್ಕೂ ಒಬ್ಬನೇ ಪಾತ್ರಧಾರಿಯ ಬೆನ್ನು ಹಿಡಿಯುವುದಿಲ್ಲ.

ಶೋರ್ ಸಂಗೀತದಲ್ಲಿ ಕತೆಯ ರೋಹನ್ ನಾಡಿಗೆ ನಾರ್ವೆಯ ಹಾರ್ಡಾಂಗರ್ ಪಿಟೀಲು ಮೀಸಲು. ದುಷ್ಟ ಮಾಂತ್ರಿಕನ ಕೋಟೆಯಾದ ಐಸೆನ್‌ಗಾರ್ಡಿನ ಯುದ್ಧಸನ್ನಾಹಕ್ಕೆ ನಮ್ಮ ಖಂಡಚಾಪಿನಂತೆ ಐದೆಣಿಕೆಯ ಲಯ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಗೊಂಡೋರ್ ರಾಜ್ಯದ ಸ್ವರಗುಚ್ಛ. ಮೊದಲ ಚಿತ್ರದ ಮಂತ್ರಾಲೋಚನೆಯ ದೃಶ್ಯದಲ್ಲಿ ಆ ನಾಡಿನ ವೀರ ಬೊರೊಮಿರ್ ಮಾತಾಡುವಾಗ ಅದನ್ನು ಒಂಟಿ ಹಾರ್ನ್ ನುಡಿಸುತ್ತದೆ, ಸೊರಗಿದ ನಾಡಿನ ನೆನಪೆಂಬಂತೆ. ಮೂರನೆಯ ಚಿತ್ರದಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಕುದುರೆಯೇರಿ ಗೊಂಡೋರಿನ ರಾಜಧಾನಿ ಮಿನಾಸ್ ತಿರಿತ್‌ನ ಬೀದಿಗಳನ್ನು ಹತ್ತುವಾಗ ಅದೇ ಸ್ವರಗಳು ಹಿತ್ತಾಳೆ ವಾದ್ಯಗಳ ತುಂಬುಗಂಠದಲ್ಲಿ ಹೊಮ್ಮುತ್ತವೆ. ಮೊದಲನೆಯದನ್ನು ಕಿವಿಯಲ್ಲಿಟ್ಟುಕೊಂಡವರಿಗಷ್ಟೇ ಎರಡನೆಯದರ ಪೂರ್ಣ ಬೆಲೆ ದಕ್ಕುತ್ತದೆ. 'ಹಿನ್ನೆಲೆ ಸಂಗೀತ' ಎಂದು ಒಟ್ಟಾರೆಯಾಗಿ ಕರೆದುಬಿಟ್ಟರೆ ಈ ನಿರೂಪಣೆಯ ಕೆಲಸವೇ ಮರೆಯಾಗುತ್ತದೆಂದು ನನ್ನ ತಕರಾರು.

ನಾನು ಮೊದಲು ಯೋಚಿಸಿದ್ದು 'ಸ್ವರಮುದ್ರೆ'. ಆದರೆ ಮುದ್ರೆಯೆಂದರೆ ಒತ್ತಿದ ಮೇಲೆ ಬದಲಾಗದ ಅಚ್ಚು. ಜೊತೆಗೆ ಕರ್ನಾಟಕ ಸಂಗೀತದಲ್ಲಿ ವಾಗ್ಗೇಯಕಾರರ ಅಂಕಿತಕ್ಕೆ 'ಮುದ್ರೆ' ಎಂಬ ಪದ ಆಗಲೇ ಸಲ್ಲುತ್ತಿದೆ. ತುಸುವೇ ಕಂಡರೂ ಗುರುತು ಹತ್ತುವಂಥದ್ದು ಎಂಬ ಅರ್ಥಕ್ಕೆ 'ಕುರುಹು' ಹೆಚ್ಚು ಹೊಂದುತ್ತದೆ. 'ಸ್ವರಕುರುಹು' ಎಂದರೆ ಸಂಸ್ಕೃತ-ಕನ್ನಡ ಪದಗಳ ಒಗ್ಗದ ಬೆಸುಗೆ, ಅರಿಸಮಾಸವಾಯಿತೆಂದು ವ್ಯಾಕರಣಪ್ರಿಯರು ಹುಬ್ಬೇರಿಸಬಹುದು (ಏರಿಸುವುದೇ ಸರಿ). ಹಾಗಾಗಿ 'ದನಿಗುರುಹು' ಎಂದು ಬರೆದು ನೋಡಿದೆ. ಕಿವಿಗೆ ಇಂಪಾಗಿದೆ, ಆದರೆ 'ದನಿ' ಎಂದಾಗ ವಾದ್ಯದ ನಾದಗುಣವೇ ಮುಂದೆ ಬರುತ್ತದೆ. ಇಲ್ಲಿಯೋ ವಾದ್ಯ ಬದಲಾದರೂ ಸ್ವರಗಳ ನಡೆ ಉಳಿದಿರಬೇಕು.

'ದನಿಗುರುಹು' ಎಂಬಲ್ಲಿ ಈ ಅಡ್ಡಿ ನಿಮಗೂ ಕಾಣುತ್ತದೆಯೇ, ಅಥವಾ ಬಳಕೆಯಲ್ಲಿ ತಾನೇ ಸವೆದುಹೋಗುವಂಥದ್ದೇ? ಕಂಪನಿ ನಾಟಕಗಳ ಹಾರ್ಮೋನಿಯಂ ವಾದಕರಲ್ಲಾಗಲಿ ಮೇಳದ ಭಾಗವತರಲ್ಲಾಗಲಿ ಇಂಥ ಮರುಕಳಿಸುವ ನುಡಿತಕ್ಕೆ ಆಡುಮಾತಿನ ಹೆಸರೇನಾದರೂ ಇದ್ದರೆ, ಅದು ಯಾವ ಸಂದರ್ಭದಲ್ಲಿ ಬಳಕೆಯಾಗುತ್ತದೆ ಎಂಬುದರೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.